ಸಿತ್ತೂತಾಳ ಊರು

ದೊಡ್ಡ ಕಾಲುವೆಯ ದಡದಿಂದ
1969 ಫೆಬ್ರವರಿ 18

ಅಮ್ಮಾ,

ನಿನ್ನ ಕೈಗೂ ಹಮ್ದಾನ್ ಚಿಕ್ಕಪ್ಪನ ಕೈಗೂ ಮುತ್ತು. ಇದನ್ನು ನಿನಗೆ ಓದಿ ಹೇಳುತ್ತಿರುವ ನಮ್ಮೂರ ಕ್ಷೌರಿಕ ಉಸ್ತಾ ಮಿತ್ವಲ್ಲಿಗೂ ಸಲಾಂ. ಇಲ್ಲಿನ ಸೇನೆಯ ಕ್ಷೌರಿಕನ ಕೈಗೆ ತಲೆ ಕೊಟ್ಟ ಮೇಲೆ ಅವನ ಬೆಲೆ ನನಗೆ ತಿಳಿದಿದೆ. ಎಮ್ಮೆ ಕರು ಹಾಕಿತೇ?

ನಾನು ಚೆನ್ನಾಗಿದ್ದೇನೆ. ಎಲ್ಲಿದ್ದೇನೆಂದು ಬರೆಯುವಂತಿಲ್ಲ. ಸೂಯೆಜ್ ಕಾಲುವೆಯ ಈಚೆ ದಡದಲ್ಲಿ ನಾವು, ಆಚೆ ದಡದಲ್ಲಿ ಶತ್ರುಗಳು. ಅಷ್ಟನ್ನು ರೇಡಿಯೋ ನಿನಗೆ ಹೇಳಿರುತ್ತದೆ. ಮರಳು ಚೀಲಗಳ ನಡುವೆ ಒಂದು ಗುಂಡಿ, ಅದರೊಳಗೆ ನಾಲ್ವರು. ಗುಂಡಿನ ಸದ್ದು ಇಲ್ಲದ ಹೊತ್ತಿನಲ್ಲಿ ಮಾಡುವುದು ಒಂದೇ ಕೆಲಸ: ತಂತಮ್ಮ ಊರು ಹೊಗಳುವುದು. ಘರೀಬ್ ಎಂಬವನೊಬ್ಬನಿದ್ದಾನೆ, ಸೂಯೆಜ್ ಪಟ್ಟಣದವನು, ಮೀನುಗಾರರ ಮನೆಯ ಹುಡುಗ. ಅವನು ಬಾಯಿ ಬಿಟ್ಟರೆ ಉಳಿದವರಿಗೆ ಸರದಿಯಿಲ್ಲ. "ನಮ್ಮೂರಲ್ಲಿ ಮೀನು ತಾನಾಗೇ ಬಂದು ಬಾಗಿಲು ತಟ್ಟುತ್ತೆ ಕಣ್ರೋ. ನಾವು ಬಾಣಲೆ ತೋರ್ಸಿ ಒಳಗೆ ಕರೆಯೋದಷ್ಟೇ" ಅನ್ನುತ್ತಾನೆ.

ಮೊನ್ನೆ ನನ್ನ ಸರದಿ ಬಂತು. ಕಫ್ರ್ ಸಿತ್ತೂತಾ ಅಂದೆ. ನಮ್ಮ ಹವಾಲ್ದಾರ ಇಸಾವಿ, ನಮ್ಮೂರ ನಾಲೆಯಾಚೆಯ ದೊಡ್ಡ ಊರಿನವನು, ಬಿದ್ದು ಬಿದ್ದು ನಕ್ಕ. "ಹೆಂಗಸಿನ ಹೆಸರಿಟ್ಕೊಂಡಿರೋ ಊರು ಅದು. ಇವನ ಮುತ್ತಾತಂದಿರು ಇದೇ ಕಾಲುವೆ ಅಗೆಯೋಕಾಗ್ದೆ ಓಡಿಹೋದೋರು. ಈಗ ಇದನ್ನ ಕಾಯೋಕೆ ಓಡಿಹೋದೋರ ಮೊಮ್ಮಗನ್ನೇ ನಿಲ್ಸಿದಾರೆ, ನೋಡ್ರಪ್ಪ."

ಎಲ್ಲರೂ ನಕ್ಕರು. ಸಿತ್ತೂತಾಳ ಗೋರಿಯ ಮುಂದೆ ದಿನವೂ ಗೋಲಿಯಾಡಿ ಬೆಳೆದ ನನಗೇ ಅವಳ ಕಥೆ ಅರ್ಧ ಮಾತ್ರ ಗೊತ್ತು. ಅಜ್ಜಿ ನಿನಗೆ ಹೇಳಿದ್ದನ್ನೆಲ್ಲ ಬರೆಸಿ ಕಳಿಸು. ನಮ್ಮ ಊರಲ್ಲಿ ನೋಡುವಂಥದ್ದು ಏನಿದೆ ಎಂದು ಘರೀಬ್ ಬೇರೆ ಕೇಳಿದ್ದಾನೆ. ಅದನ್ನೂ ಬರೆಸು.

ನಿನ್ನ ಮಗ,
ಫಿಕ್ರಿ


ಕಫ್ರ್ ಸಿತ್ತೂತಾ
1969 ಮಾರ್ಚ್ 9

ನನ್ನ ಕಣ್ಣಿನ ಬೆಳಕೇ, ಫಿಕ್ರಿ,

ಎಮ್ಮೆ ಹೆಣ್ಣು ಕರು ಹಾಕಿದೆ. ಹಣೆಯ ಮೇಲೆ ಬಿಳಿ ಚುಕ್ಕೆ.

ನಿನ್ನ ಕಾಗದವನ್ನು ಮಿತ್ವಲ್ಲಿ ತನ್ನ ಅಂಗಡಿಯಲ್ಲಿ ಎಲ್ಲರೆದುರು ಓದಿದ. ಹವಾಲ್ದಾರನ ಮಾತು ಬಂದಾಗ, ಅರ್ಧ ಗಡ್ಡ ಬೋಳಿಸಿಕೊಂಡು ಕೂತಿದ್ದ ನಿನ್ನ ಚಿಕ್ಕಪ್ಪ ಎದ್ದು ನಿಂತ. "ಈಗಲೇ ಆ ಊರಿಗೆ ಹೋಗಿ ಕೇಳ್ಕೊಂಬರ್ತೀನಿ" ಅಂದ. "ಅರ್ಧ ಗಡ್ಡದಲ್ಲಿ ಹೋದ್ರೆ ಅವರಿಗೆ ನಗೋಕೆ ಇನ್ನೊಂದು ಸಿಗುತ್ತೆ, ಕೂತ್ಕೋ" ಎಂದು ಮಿತ್ವಲ್ಲಿ ಅವನನ್ನು ಕೂರಿಸಿದ.

ಓಡಿಹೋದವರು ಅಂದನಂತೆ. ಹೌದು, ಓಡಿದರು. ನಾವು ಅದನ್ನು ಎಂದೂ ಮುಚ್ಚಿಟ್ಟವರಲ್ಲ. ಎಲ್ಲಿಂದ ಓಡಿದರು, ಓಡಿ ಎಲ್ಲಿ ನಿಂತರು ಅನ್ನುವುದನ್ನೂ ಆ ಮಹರಾಯ ಕೇಳಿಸಿಕೊಳ್ಳಲಿ.

ಸಿತ್ತೂತಾಳ ಗಂಡ ಘುನೈಮನನ್ನು ಆಗ ದೇಶ ಆಳುತ್ತಿದ್ದ ಪಾಷಾನ ಜನ ಗೋಧಿ ಹೊಲದಿಂದಲೇ ಹಗ್ಗ ಕಟ್ಟಿ ಒಯ್ದರು. ಕೈಯಲ್ಲಿದ್ದ ಕುಡುಗೋಲನ್ನು ಮನೆಯಲ್ಲಿಟ್ಟು ಬರುವುದಕ್ಕೂ ಬಿಡಲಿಲ್ಲವಂತೆ. ಮೂರು ತಿಂಗಳು ಕಾಲುವೆ ಅಗೆದರೆ ವಾಪಸು ಅಂದರು. ವರ್ಷ ಕಳೆದರೂ ಬರಲಿಲ್ಲ. ಸಿತ್ತೂತಾ ಮೆಕ್ಕೆಜೋಳದ ರೊಟ್ಟಿ ಗಂಟು ಕಟ್ಟಿ, ಕತ್ತೆ ಹತ್ತಿ ಪೂರ್ವಕ್ಕೆ ಹೊರಟಳು. ದಾರಿಯಲ್ಲಿ ಕೇಳಿದವರಿಗೆಲ್ಲ ಅವಳದು ಒಂದೇ ಉತ್ತರ: "ನನ್ನ ಗಂಡ ಮನೆ ದಾರಿ ಮರೆತಿದಾನೆ. ತೋರ್ಸೋಕೆ ಹೋಗ್ತಿದೀನಿ."

ಅಲ್ಲಿ ಸಾವಿರಾರು ಜನ ಕೈಯಲ್ಲೇ ಮಣ್ಣು ಬಗೆಯುತ್ತಿದ್ದರು. ನೆಲದ ತುಂಬ ನೀರು ಹರಿಸುವುದಕ್ಕೆ ಹೊರಟವರಿಗೆ ಕುಡಿಯಲು ನೀರಿರಲಿಲ್ಲ. ಅವಳು ಚರ್ಮದ ಚೀಲಗಳಲ್ಲಿ ಸಿಹಿನೀರು ಹೇರಿಕೊಂಡು ಒಳಗೆ ಹೋದಳು. ನೀರು ತರುವವಳನ್ನು ಯಾವ ಕಾವಲುಗಾರ ತಡೆಯುತ್ತಾನೆ? ಕುಡಿಸುತ್ತ ಕುಡಿಸುತ್ತ ಹುಡುಕಿದಳು. ಜ್ವರದಲ್ಲಿ ನಡುಗುತ್ತ ಬಿದ್ದಿದ್ದ ಗಂಡನನ್ನು ಖಾಲಿ ಚೀಲಗಳ ಕೆಳಗೆ ಮಲಗಿಸಿ ಹೊರಟಾಗ, ಅವಳ ನೀರು ಕುಡಿದಿದ್ದ ಏಳು ಜನ ಎದ್ದು ನಿಂತರು. "ಅಕ್ಕಾ, ನಾವು?" ಅಂದರು. "ಕತ್ತೆ ಮೇಲೆ ಜಾಗ ಇಲ್ಲ. ಕಾಲಿದ್ರೆ ಬನ್ನಿ" ಅಂದಳು.

ಹುಟ್ಟಿದ ಊರಿಗೆ ಹೋದರೆ ಮತ್ತೆ ಹಗ್ಗ. ಅದಕ್ಕೇ ಯಾರೂ ಬೇಡವೆಂದು ಬಿಟ್ಟಿದ್ದ ಈ ಚೌಳು ನೆಲಕ್ಕೆ ಬಂದರು. ಕಾಲಿಟ್ಟರೆ ಉಪ್ಪು ಒಣ ರೊಟ್ಟಿಯಂತೆ ಮುರಿಯುತ್ತಿತ್ತಂತೆ. ನದಿಯ ಕವಲಿನಿಂದ ಇಲ್ಲಿಯವರೆಗೆ ಆ ಎಂಟು ಗಂಡಸರು ಅವಳೊಡನೆ ನಾಲೆ ಅಗೆದರು. ನೀರು ನಿಲ್ಲಿಸಿ, ಉಪ್ಪು ಕರಗಿಸಿ, ಹೊರಗೆ ಬಿಟ್ಟು, ಮತ್ತೆ ನಿಲ್ಲಿಸಿ. ಹಾಕಿದ ಭತ್ತ ಸತ್ತಿತು. ಮತ್ತೆ ಹಾಕಿದರು. ಪ್ರತಿ ಸುಗ್ಗಿಯಲ್ಲೂ ಸಿತ್ತೂತಾ ಒಂದು ಚಿಟಿಕೆ ಮಣ್ಣು ನಾಲಿಗೆಗೆ ಹಚ್ಚಿ ಉಗುಳುತ್ತಿದ್ದಳು. ಒಂದು ವರ್ಷ ಉಗುಳಲಿಲ್ಲ. "ಇನ್ನು ನೀವೆಲ್ಲ ಮದುವೆ ಮಾಡ್ಕೋಬಹುದು" ಅಂದಳು.

ಕಾಲುವೆ ಅಗೆಯಲಾಗದೆ ಓಡಿದರು ಅಂದನಲ್ಲ ನಿನ್ನ ಹವಾಲ್ದಾರ, ಅವನ ಊರಿನ ಹೊಲಗಳಿಗೆ ಇವತ್ತಿಗೂ ನೀರು ಹೋಗುವುದು ಆ ಓಡಿಹೋದವರು ಅಗೆದ ನಾಲೆಯಿಂದ. ಅಜ್ಜಂದಿರಿಗೆ ಅವನು ಒಂದು ಸಲಾಂ ಬಾಕಿ ಇಟ್ಟಿದ್ದಾನೆ.

ನೋಡುವಂಥದ್ದು ಏನೆಂದು ನಾನು ಹೇಗೆ ಹೇಳಲಿ, ದಿನಾ ನೋಡುವವಳು? ಮಿತ್ವಲ್ಲಿ ಬರೆಯಲಿ.

(ಇದು ಮಿತ್ವಲ್ಲಿಯ ಮಾತು. ಸುತ್ತಲಿನ ಊರುಗಳಲ್ಲೆಲ್ಲ ಎತ್ತರದ ನಮ್ಮ ಪಾರಿವಾಳದ ಗೋಪುರ. ಸಂಜೆ ಹಕ್ಕಿಗಳು ಮರಳುವಾಗ ಅದರ ಬುಡದಲ್ಲಿ ನಿಂತರೆ ಬಿರುಗಾಳಿ ಬಂದಂತೆ ಕೇಳುತ್ತದೆ. ನಾಲೆಯ ಮೇಲೆ ಬಾಗಿದ ಕಾಡು ಅಂಜೂರದ ಮರ. ಅದರ ನೆರಳಲ್ಲಿ ನಡೆದಷ್ಟು ಜಗಳ ಕಚೇರಿಯಲ್ಲೂ ನಡೆದಿಲ್ಲ. ವಸಂತದಲ್ಲಿ ಬರ್ಸೀಮ್ ಮೇವಿನ ಹೊಲಗಳು. ಎಮ್ಮೆಯ ಮೇಲೆ ಅಸೂಯೆ ಹುಟ್ಟಿಸುವಂಥ ಹಸಿರು. ಆಮೇಲೆ ನನ್ನ ಅಂಗಡಿಯ ಕನ್ನಡಿ. ಕೈರೋದಿಂದ ಒಡೆಯದೆ ಬಂದದ್ದು.)

ನಿನ್ನ ತಾಯಿ,
ಇನ್ಸಾಫ್


ದೊಡ್ಡ ಕಾಲುವೆಯ ದಡದಿಂದ
1969 ಏಪ್ರಿಲ್ 27

ಅಮ್ಮಾ,

ತಡವಾಯಿತು. ಈ ತಿಂಗಳು ಕಾಗದಕ್ಕೆ ಬಿಡುವು ಕೊಡುವಂಥ ತಿಂಗಳಲ್ಲ.

ನಿನ್ನ ಕಾಗದವನ್ನು ಗುಂಡಿಯಲ್ಲಿ ಗಟ್ಟಿಯಾಗಿ ಓದಿದೆ. ನಾಲೆಯ ವಿಷಯ ಬಂದಾಗ ಇಸಾವಿ ತುಂಬ ಹೊತ್ತು ಬೂಟಿನ ದಾರ ಬಿಗಿದ. "ಆ ನಾಲೆ ನಾವು ಅಗೆದಿದ್ದು ಅಂತ ನಮ್ಮಜ್ಜ ಹೇಳ್ತಿದ್ದ" ಅಂದ. "ನಿಮ್ಮಜ್ಜ ಕುಡಿದಿದ್ದು. ಅಗೆದಿದ್ದು ಇವರಜ್ಜ" ಅಂದ ಘರೀಬ್.

ಘರೀಬ್ ಈಗೀಗ ಮೊದಲಿನಂತೆ ಮೀನಿನ ಮಾತಾಡುವುದಿಲ್ಲ. ಅವರ ಮನೆಯ ಚಾವಣಿ ಶೆಲ್ ಬಿದ್ದು ಹೋಯಿತು. ಅವನ ತಾಯಿ ತೌಹೀದಾ ಊರು ಬಿಡುವುದಿಲ್ಲವೆಂದು ಹಟ ಹಿಡಿದಿದ್ದಳು. ಸರ್ಕಾರದವರು ಉಳಿದವರೊಡನೆ ಅವಳನ್ನೂ ಹೆಣ್ಣುಮಕ್ಕಳಿಬ್ಬರನ್ನೂ ಲಾರಿ ಹತ್ತಿಸಿ ಯಾವುದೋ ಪಟ್ಟಣದ ಶಾಲೆಗೆ ತಂದುಬಿಟ್ಟಿದ್ದಾರೆ. ಬೆಂಚುಗಳನ್ನು ಗೋಡೆಗೆ ಸರಿಸಿ ನೆಲದ ಮೇಲೆ ಮಲಗುತ್ತಾರೆ. ಪರೀಕ್ಷೆ ಹತ್ತಿರ ಬಂತು, ಜಾಗ ಖಾಲಿ ಮಾಡಿ ಅನ್ನುತ್ತಿದ್ದಾರಂತೆ. ತಾಯಿಯ ಕಾಗದ ಓದಿ ಅವನು ಮಡಚಿಟ್ಟ. ಮತ್ತೆ ಬಿಚ್ಚಿ ಓದಿದ.

ನಾನು ನಿನ್ನನ್ನು ಕೇಳಬೇಕಾಗಿತ್ತು, ಅಮ್ಮಾ. ಕೇಳಲಿಲ್ಲ. "ನಮ್ಮೂರಿಗೆ ಕಳಿಸು" ಅಂದುಬಿಟ್ಟೆ. ಮಾತು ಕೊಟ್ಟಾಗಿದೆ.

ಬೈಯುವುದಿದ್ದರೆ ಮಿತ್ವಲ್ಲಿಯ ಕೈಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸು.

ಫಿಕ್ರಿ


ಕಫ್ರ್ ಸಿತ್ತೂತಾ
1969 ಜೂನ್ 5

ಫಿಕ್ರಿ,

ಬೈಗುಳ ಮೊದಲು. ಗುಂಡಿಯೊಳಗೆ ಕೂತು ಇನ್ನೊಬ್ಬರ ಮನೆಯ ಬಾಗಿಲು ತೆರೆಯುವುದು ಸುಲಭ. ಹಿಟ್ಟು ನಾದುವವಳು ನಾನು.

ಅದು ಮುಗಿಯಿತು. ಈಗ ಕೇಳು.

ಊರ ಯಜಮಾನರು ಅಂಜೂರದ ಮರದ ಕೆಳಗೆ ಎಲ್ಲರನ್ನೂ ಕರೆದರು. "ಒಂದು ಮನೆ ತಾನೇ, ಬರಲಿ" ಎಂದು ಕೆಲವರು. "ಸೂಯೆಜ್‌ನೋರಿಗೆ ಕುಂಟೆ ಯಾವುದು, ಕೊಡಲಿ ಯಾವುದು ಗೊತ್ತಿಲ್ಲ, ಕೂತು ಉಣ್ತಾರೆ" ಎಂದು ಕೆಲವರು. ಎಲ್ಲರಿಗಿಂತ ಬಿರುಸಾಗಿದ್ದವನು ನಿನ್ನ ಚಿಕ್ಕಪ್ಪ. "ಎಲ್ಲಿ ಇಡ್ತೀರಾ ಅತ್ತಿಗೆ? ಇರೋದು ಒಂದೇ ಕೋಣೆ. ಫಿಕ್ರಿ ಮದುವೆಗೆ ಅಂತ ನಾನೇ ನಿಂತು ಸುಣ್ಣ ಹೊಡ್ಸಿದೀನಿ. ಅವನು ಬಂದಾಗ ಹೆಂಡ್ತೀನ ಗೋಪುರದಲ್ಲಿ ಪಾರಿವಾಳದ ಜೊತೆ ಕೂರಿಸ್ತೀರಾ?" ಅವನಿಗೆ ನಿನ್ನ ಮೇಲಿನ ಪ್ರೀತಿಯಿಂದಲೇ ಬಂದ ಕೋಪ ಅದು. ನನಗೂ ಗೊತ್ತು. ಆದರೂ ಕೋಣೆ ಗುಡಿಸಿದೆ.

ರೈಲು ನಿಲ್ದಾಣದಿಂದ ಟ್ರ್ಯಾಕ್ಟರ್ ಗಾಡಿ ಬಂತು. ತೌಹೀದಾ ಮುಂದೆ ಕೂತಿದ್ದಳು. ಎತ್ತರದ ಹೆಂಗಸು, ಕಪ್ಪು ಬಟ್ಟೆ, ತೊಡೆಯ ಮೇಲೆ ಒಂದು ಬಾಣಲೆ. ಆಕೆಯ ಹಿಂದೆ ಮಗಳು ಇಕ್ರಾಮ್, ಆಮೇಲೆ ಚಿಕ್ಕವಳು. ಅವರ ಹಿಂದೆ ಒಬ್ಬ ಮುದುಕ. ಅವನ ಹಿಂದೆ ಕಂಕುಳಲ್ಲಿ ಕೂಸಿದ್ದ ಹೆಂಗಸು. ಗಾಡಿಯಲ್ಲಿ ಇನ್ನೂ ತಲೆಗಳು ಏಳುತ್ತಲೇ ಇದ್ದವು.

"ಒಂದು ಮನೆ ಅಂದಿದ್ರು. ಇದು ಒಂದು ಬೀದಿ" ಅಂದ ಹಮ್ದಾನ್.

ತೌಹೀದಾ ಗಾಡಿಯಿಂದ ಇಳಿಯಲಿಲ್ಲ. "ಶಾಲೇಲಿ ನಾವೆಲ್ಲ ಒಂದೇ ನೆಲದ ಮೇಲೆ ಮಲಗ್ತಿದ್ವಿ. ಇವರನ್ನ ಅಲ್ಲೇ ಬಿಟ್ಟು ನಾನು ಮಾತ್ರ ಬರೋದು ನನ್ನ ಕೈಲಾಗ್ಲಿಲ್ಲ. ಜಾಗ ಇಲ್ಲ ಅಂದ್ರೆ ಹೇಳಿಬಿಡಿ, ಬೇಜಾರಿಲ್ಲ. ಎಲ್ಲರೂ ವಾಪಸ್ ಹೋಗ್ತೀವಿ" ಅಂದಳು. ಬೇಡುವ ದನಿಯಲ್ಲ ಅದು.

ಯಜಮಾನರು ನೆಲ ನೋಡಿದರು. ನಾನು ಎಂದೂ ಗಂಡಸರೆದುರು ದನಿ ಎತ್ತಿದವಳಲ್ಲ. (ಮಿತ್ವಲ್ಲಿ ನಗುತ್ತಿದ್ದಾನೆ. ನಗಲಿ, ಆದರೆ ಬರೆಯಲಿ.) "ಹಮ್ದಾನ್, ಸಿತ್ತೂತಾ ಹೋಗಿದ್ದು ಎಷ್ಟು ಜನರನ್ನ ಕರ್ಕೊಂಬರೋಕೆ?" ಎಂದು ಕೇಳಿದೆ.

"ಒಬ್ಬನ್ನ" ಅಂದ.

"ನಿಮ್ಮ ವಂಶದ ಮುತ್ತಾತ ಕತ್ತೆ ಮೇಲೆ ಬಂದೋನಲ್ಲಪ್ಪ. ಹಿಂದೆ ನಡ್ಕೊಂಡು ಬಂದ ಏಳು ಜನರಲ್ಲಿ ಒಬ್ಬ. ಅವತ್ತು ಅವಳು ಜಾಗ ಇಲ್ಲ, ಹೋಗಿ ಅಂದಿದ್ರೆ?"

ಹಮ್ದಾನ್ ಹೆಗಲ ವಸ್ತ್ರ ಕೊಡವಿ ಮನೆಗೆ ಹೋದ. ಇಂದಿಗೂ ನಮ್ಮ ಬೀದಿಯ ಕಡೆ ಸುಳಿದಿಲ್ಲ. ಆದರೆ ಯಜಮಾನರೇ ಮುಂದೆ ಬಂದು ಮುದುಕನಿಗೆ ಕೈಕೊಟ್ಟು ಇಳಿಸಿಕೊಂಡರು. ಆಮೇಲೆ ಗಾಡಿಯ ಸುತ್ತ ಜಗಳ ಶುರುವಾಯಿತು, ಯಾರು ಯಾರ ಮನೆಗೆ ಎಂದು. ಕೂಸಿದ್ದವಳಿಗಾಗಿ ಎರಡು ಮನೆಯವರು ಇನ್ನೂ ಮಾತು ಬಿಟ್ಟಿದ್ದಾರೆ.

ತೌಹೀದಾ ನಿನ್ನ ಕೋಣೆಯಲ್ಲಿದ್ದಾಳೆ. ಘರೀಬನಿಗೆ ಹೇಳು.

ಇನ್ಸಾಫ್


ದೊಡ್ಡ ಕಾಲುವೆಯ ದಡದಿಂದ
1969 ಆಗಸ್ಟ್ 14

ಅಮ್ಮಾ,

ಇಬ್ಬರೂ ಕ್ಷೇಮ. ನನ್ನ ಬಲಗೈಗೆ ಸಣ್ಣ ಪೆಟ್ಟು ಬಿದ್ದಿದೆ, ಹೆದರಬೇಡ. ಘರೀಬ್ ಬರೆಯುತ್ತಿದ್ದಾನೆ. ಅವನ ಅಕ್ಷರ ಬಲೆಯ ಗಂಟಿನಂತಿದ್ದರೆ ಮಿತ್ವಲ್ಲಿ ಕ್ಷಮಿಸಲಿ.

ಈಗ ನಾನೇ, ಘರೀಬ್. ಇನ್ಸಾಫ್ ಚಿಕ್ಕಮ್ಮ, ನಿಮ್ಮ ಕಾಗದ ಬಂದ ದಿನ ನಾನು ಗುಂಡಿಯಿಂದ ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತಿದ್ದೆ. ಅದಕ್ಕೆ ಹವಾಲ್ದಾರನಿಂದ ಬೈಸಿಕೊಂಡೆ. ನಮ್ಮಮ್ಮ ಒಲೆ ಮುಂದೆ ಯಾರ ಮಾತನ್ನೂ ಕೇಳುವವಳಲ್ಲ, ದಯವಿಟ್ಟು ಸಹಿಸಿಕೊಳ್ಳಿ. ಅಮ್ಮಾ, ನೀನು ಅಲ್ಲಿ ಯಾರಿಗೂ ಉಪ್ಪು ಕಡಿಮೆ ಅಂತ ಹೇಳಬೇಡ. ಆ ಊರಿನವರಿಗೆ ಉಪ್ಪಿನ ವಿಷಯ ನಿನಗಿಂತ ಚೆನ್ನಾಗಿ ಗೊತ್ತು.

ನಿಮ್ಮ ಇಬ್ಬರು ಮಕ್ಕಳು,
ಫಿಕ್ರಿ, ಘರೀಬ್


ಕಫ್ರ್ ಸಿತ್ತೂತಾ
1969 ನವೆಂಬರ್ 27

ಮಕ್ಕಳೇ,

ರಂಜಾನ್ ಅರ್ಧ ಕಳೆಯಿತು. ಈ ಕಾಗದ ನಿಮ್ಮ ಕೈ ಸೇರುವಷ್ಟರಲ್ಲಿ ಹಬ್ಬವೇ ಬಂದಿರಬಹುದು.

ಘರೀಬ್, ನಿನ್ನ ತಾಯಿ ಬಂದ ಮೊದಲ ತಿಂಗಳು ನಾನು ಕೊಟ್ಟದ್ದರಲ್ಲಿ ಅರ್ಧ ಮಾತ್ರ ಉಣ್ಣುತ್ತಿದ್ದಳು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಇಲ್ಲ. ಹುಡುಕಿಕೊಂಡು ಹೋದರೆ ನಾಲೆಯಲ್ಲಿ ಸೊಂಟದವರೆಗೆ ನಿಂತಿದ್ದಾಳೆ. ಜೊತೆಗೆ ಬಂದ ಮುದುಕನೂ ಅವಳೂ ಹಳೆಯ ಹತ್ತಿ ದಾರದಲ್ಲಿ ಬಲೆ ಹೆಣೆದಿದ್ದರು. "ಫಿಕ್ರಿಯಮ್ಮ, ಇಷ್ಟು ಮೀನು ಬಾಗಿಲಲ್ಲಿ ಇಟ್ಕೊಂಡು ನೀವು ಬರೀ ಚೀಸು ನೆಕ್ತಾ ಕೂತಿದೀರಲ್ಲ, ನಿಮಗೇನು ಹೇಳಲಿ?" ಅಂದಳು.

"ಮುಳ್ಳು ಜಾಸ್ತಿ" ಅಂದೆ.

"ಮುಳ್ಳಲ್ಲ ಜಾಸ್ತಿ, ಸೋಮಾರಿತನ."

ಹೀಗೆ ನಮ್ಮ ಸ್ನೇಹ ಶುರುವಾಯಿತು. ಈರುಳ್ಳಿಯನ್ನು ಕಪ್ಪಗೆ ಹುರಿದು, ಅದರಲ್ಲಿ ನಮ್ಮ ಅಕ್ಕಿ ಬೇಯಿಸಿ, ಮೇಲೆ ಮೀನಿಡುತ್ತಾಳೆ. ಉಪವಾಸ ಬಿಡುವ ಹೊತ್ತಿಗೆ ಬೀದಿಯುದ್ದ ಚಾಪೆ ಹಾಸಿ ಎಲ್ಲರೂ ಒಟ್ಟಿಗೆ ಕೂರುತ್ತೇವೆ. ಮೊನ್ನೆ ನಾಲೆಯಾಚೆಯ ಊರಿನವರು ದಾರಿ ತಪ್ಪಿದವರ ಹಾಗೆ ಬಂದು ಕೂತರು. ದಾರಿ ತಪ್ಪುವುದಕ್ಕೆ ಅಲ್ಲಿಂದ ಇಲ್ಲಿಗೆ ಇರುವುದು ಒಂದೇ ದಾರಿ.

ಹಮ್ದಾನ್ ಇನ್ನೂ ಮುನಿಸಿನಲ್ಲಿದ್ದಾನೆ. ಬೀದಿಯ ಊಟಕ್ಕೆ ಬರುವುದಿಲ್ಲ. ಆದರೆ ಅವನ ಹೆಂಡತಿ ದಿನವೂ ಹಿತ್ತಿಲ ಬಾಗಿಲಿಂದ ತಟ್ಟೆ ತರುತ್ತಾಳೆ, "ನನಗೆ" ಎಂದು. ತಟ್ಟೆಯ ಅಳತೆ ನೋಡಿದರೆ ಯಾರಿಗೆಂದು ತಿಳಿಯುತ್ತದೆ. ತೌಹೀದಾ ಏನೂ ಕೇಳದೆ ದೊಡ್ಡ ಮೀನನ್ನೇ ಹಾಕುತ್ತಾಳೆ.

ಇಕ್ರಾಮ್ ಕಣದಲ್ಲಿ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದಾಳೆ. ಹೀಗಾದರೆ ಕಾಗದ ಬರೆಸಲು ತನ್ನ ಹತ್ತಿರ ಯಾರೂ ಬರುವುದಿಲ್ಲವೆಂದು ಮಿತ್ವಲ್ಲಿಗೆ ಚಿಂತೆ. (ಚಿಂತೆಯೇನಿಲ್ಲ. ಗಡ್ಡ ಬೆಳೆಯುವುದು ನಿಂತಿಲ್ಲವಲ್ಲ. ಮಿತ್ವಲ್ಲಿ.)

ಇಬ್ಬರೂ ರಜೆ ಕೇಳಿ. ಒಟ್ಟಿಗೆ ಬನ್ನಿ.

ನಿಮ್ಮ ತಾಯಿ,
ಇನ್ಸಾಫ್


1970 ಮೇ 3

ಅಮ್ಮಾ,

ಗುರುವಾರ ಬರುತ್ತೇನೆ. ಒಬ್ಬನೇ ಬರುತ್ತೇನೆ. ಒಂದೇ ದಿನದ ರಜೆ.

ನಿಲ್ದಾಣಕ್ಕೆ ಯಾರನ್ನೂ ಕಳಿಸಬೇಡ. ಏನನ್ನೂ ಅಡಿಗೆ ಮಾಡಿಸಬೇಡ. ಉಸ್ತಾ ಮಿತ್ವಲ್ಲಿ, ಇದನ್ನು ಅಂಗಡಿಯಲ್ಲಿ ಓದಬೇಡ.

ಫಿಕ್ರಿ


ಕಫ್ರ್ ಸಿತ್ತೂತಾ
1970 ಜೂನ್ 11

ಫಿಕ್ರಿ, ನನ್ನ ಮಗನೇ,

ನೀನು ಆ ದಿನ ತೌಹೀದಾ ಇದ್ದ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡೆ. ನಾನು ಹೊರಗೆ ಕೂತಿದ್ದೆ. ನೀನು ಹೊರಬಂದು ನನ್ನ ಮುಖ ನೋಡದೆ ಸಂಜೆಯ ರೈಲಿಗೆ ಹೋದೆ. ಆಮೇಲೆ ನಡೆದದ್ದು ನಿನಗೆ ತಿಳಿಯಬೇಕು.

ತೌಹೀದಾ ಬಾಗಿಲಿಗೆ ಬಂದು ನಿಂತಳು. "ಎರಡನೇ ಸಲ ಹೋದಾಗ ಅಂತೆ" ಅಂದಳು. "ಮೊದಲನೇ ಸಲ ಹವಾಲ್ದಾರನ್ನ ಹೊತ್ಕೊಂಡು ಬಂದಿಟ್ಟ. ಇನ್ನೊಬ್ಬನ್ನ ತರೋಕೆ ಹೋದ. ಆಗ ಶೆಲ್ ಬಿತ್ತಂತೆ." ಅಷ್ಟು ಹೇಳಿ ನನ್ನನ್ನು ಕೇಳಿದಳು, "ಬೆಳಿಗ್ಗೆ ಏನಾದ್ರೂ ತಿಂದಿದ್ನಾ, ಕೇಳೋದು ಮರೆತೆ."

ನಾನು ಅವಳನ್ನು ಹಿಡಿದುಕೊಂಡೆ. ಬೇರೇನು ಮಾಡಲಿ?

ಘರೀಬನನ್ನು ಸೂಯೆಜ್‌ನಲ್ಲೇ ಮಣ್ಣು ಮಾಡಿದ್ದಾರೆ. ಅಲ್ಲಿಗೆ ಹೋಗಲು ಅವಳಿಗೆ ಅನುಮತಿಯಿಲ್ಲ. ಸಂತಾಪ ಹೇಳಲು ಬರುವವರನ್ನು ಎದುರುಗೊಳ್ಳಲು ಅವಳ ಕಡೆಯ ಗಂಡಸರು ಯಾರೂ ಇಲ್ಲ, ಆ ಮುದುಕನನ್ನು ಬಿಟ್ಟರೆ. ಯಜಮಾನರು ಸಿತ್ತೂತಾಳ ಗೋರಿಯ ಪಕ್ಕ ಡೇರೆ ಹಾಕಿಸಿದರು. ಬೆಳಿಗ್ಗೆ ನಾವು ಕುರ್ಚಿ ತರುವಷ್ಟರಲ್ಲಿ ಡೇರೆಯ ಬಾಗಿಲಲ್ಲಿ, ಸತ್ತವನ ಮನೆಯವರು ನಿಲ್ಲುವ ಜಾಗದಲ್ಲಿ, ಒಬ್ಬ ನಿಂತಿದ್ದ. ಒಗೆದ ನಿಲುವಂಗಿ, ಹೊಸದಾಗಿ ಬೋಳಿಸಿದ ಗಡ್ಡ. ಹಮ್ದಾನ್.

ಒಂದು ವರ್ಷ ನಮ್ಮ ಬೀದಿಗೆ ಕಾಲಿಡದವನು ಮೂರು ದಿನ ಆ ಜಾಗ ಬಿಟ್ಟು ಕದಲಲಿಲ್ಲ. ಬಂದವರ ಕೈ ಹಿಡಿದು "ನಿಮ್ಮ ನೋವು ದೇವರು ದೂರ ಇಡಲಿ" ಎಂದು ಒಬ್ಬೊಬ್ಬರಿಗೂ ಹೇಳಿದ.

ಎರಡನೆಯ ದಿನ ನಾಲೆಯಾಚೆಯಿಂದ ಇಡೀ ಊರೇ ಬಂತು. ಎಲ್ಲರ ಮುಂದೆ ಹವಾಲ್ದಾರ ಇಸಾವಿಯ ತಂದೆ, ಕೋಲೂರಿಕೊಂಡು. ಮಗ ಆಸ್ಪತ್ರೆಯಲ್ಲಿ ಬದುಕಿದ್ದಾನೆ. ಆ ತಂದೆ ಡೇರೆಯ ಮುಂದೆ ನಿಂತು, "ಸೂಯೆಜ್ ಹುಡುಗನ ಕಡೆಯೋರು ಯಾರು?" ಎಂದು ಕೇಳಿದ.

"ನಾನು" ಅಂದ ಹಮ್ದಾನ್.

"ನೀನು ಇಲ್ಲಿಯವನಲ್ವಾ?"

"ಅವನೂ ಇಲ್ಲಿಯವನೇ. ಘರೀಬ್ ಅಂದ್ರೆ ಪರಸ್ಥಳದವನು ಅಂತ. ಅದು ಬರೀ ಹೆಸರು. ಹುಡುಗ ನಮ್ಮನೆಯೋನು."

ಇಸಾವಿಯ ತಂದೆ ಅವನನ್ನು ತಬ್ಬಿಕೊಂಡ. ನಮ್ಮ ಎರಡೂ ಊರುಗಳ ನಡುವೆ ಅಂಥದ್ದನ್ನು ನಾನು ಕಂಡಿರಲಿಲ್ಲ. ಹೆಂಗಸರ ಕಡೆ ಪರದೆಯ ಹಿಂದಿನಿಂದ ತೌಹೀದಾ ಎಲ್ಲವನ್ನೂ ಕೇಳಿದಳು. ಅಲ್ಲಿಯವರೆಗೆ ಅತ್ತಿರದಿದ್ದವಳು ಆಗ ಅತ್ತಳು.

ಸಾವಿನ ನಲವತ್ತು ದಿನ ತುಂಬುವುದಕ್ಕೆ ಮೊದಲೇ ಇಸಾವಿಯ ತಂದೆ ಗಾಡಿಯಲ್ಲಿ ಒಂದು ದೊಡ್ಡ ಮಣ್ಣಿನ ಗುಡಾಣ ಕಳಿಸಿದ, ಘರೀಬನ ಹೆಸರಿನಲ್ಲಿ ದಾರಿಹೋಕರಿಗೆ ನೀರಿಡಲು. ಊರ ಬಾಗಿಲಲ್ಲಿ ಹಮ್ದಾನ್ ಅದಕ್ಕೆ ಕಟ್ಟೆ ಕಟ್ಟಿ, ಹಿಂದೆ ಗೋಡೆ ಎಬ್ಬಿಸಿ ಸುಣ್ಣ ಹೊಡೆದ. ತೌಹೀದಾ ಬೆಳಿಗ್ಗೆ ತಾನೇ ನೀರು ತುಂಬುತ್ತಾಳೆ, ಯಾರಿಗೂ ಬಿಡುವುದಿಲ್ಲ. ಹೊಲಕ್ಕೆ ಹೋಗುವವರು, ಬರುವವರು, ನಾಲೆಯಾಚೆಯವರು, ಎಲ್ಲರೂ ನಿಂತು ಕುಡಿದು ಅವನಿಗಾಗಿ ಒಂದು ಪ್ರಾರ್ಥನೆ ಹೇಳಿ ಹೋಗುತ್ತಾರೆ.

ಗೋಡೆಯ ಮೇಲೆ ಹೆಸರು ಬರೆಯಲು ಮಿತ್ವಲ್ಲಿ ನೀಲಿ ಬಣ್ಣ ಕಲಸಿದ. ಘರೀಬ್ ಎಂದು ಬರೆದು ಕುಂಚ ಎತ್ತಿ ಹಿಡಿದು ಹಿಂದಿರುಗಿ ನೋಡಿದ.

"ಘರೀಬನಮ್ಮ, ಯಾವ ಊರು ಅಂತ ಬರೀಲಿ? ಸೂಯೆಜ್ ಅಂತಲಾ, ಕಫ್ರ್ ಸಿತ್ತೂತಾ ಅಂತಲಾ?"

ತೌಹೀದಾ ಕೊಡ ಕೆಳಗಿಟ್ಟಳು. ಗೋಡೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

"ಎರಡೂ ಬರಿ" ಅಂದಳು. "ಗೋಡೆ ಅಗಲ ಇದೆ."

ನಿನ್ನ ದಾರಿ ನೋಡುತ್ತಿರುವ,
ಇನ್ಸಾಫ್, ತೌಹೀದಾ